ಹೆಂಗಸರ ಬಾಗಿಲು

ಗೋಡೆಯಾಚೆಯಿಂದ ಗುಲ್ಜಾರಬಿ ಕೈಚಾಚಿ ಕೊಟ್ಟ ಹಸಿ ಹುಣಸೆಕಾಯಿಗಳನ್ನು ದೊಡ್ಡವ್ವ ಸೆರಗಿನೊಳಗೆ ಮುಚ್ಚಿಕೊಂಡು ಮನೆಯೊಳಗೆ ತಂದದ್ದನ್ನು ಸತ್ಯವ್ವ ನೋಡಿದಳು. ಸತ್ಯವ್ವ ನೋಡಿದ್ದನ್ನು ದೊಡ್ಡವ್ವನೂ ನೋಡಿದಳು. ಶಾಲೆಯಿಂದ ಆಗಷ್ಟೇ ಬಂದು ಪಾಟಿಚೀಲವನ್ನು ಗೂಟಕ್ಕೆ ಹಾಕಲು ಕೈಯೆತ್ತಿದ್ದ ಸತ್ಯವ್ವ ಹಾಗೇ ನಿಂತಳು. ದೊಡ್ಡವ್ವ ಕಳ್ಳಿಯಂತೆ ನಕ್ಕು, "ಬಾಯಿ ಕೆಟ್ಟೈತಿ ಬೇ, ಏನ್ ತಿಂದ್ರೂ ರುಚಿ ಹತ್ತವಲ್ದು," ಎಂದಳು. ಕೇಳದೆಯೇ ಕಾರಣ ಹೇಳಿದ್ದು ಸತ್ಯವ್ವನಿಗೆ ಸರಿಬರಲಿಲ್ಲ. ಹನ್ನೊಂದು ವರ್ಷದ ಹುಡುಗಿಗೆ ಇದೆಲ್ಲ ತಿಳಿಯುವುದಿಲ್ಲವೆಂದು ದೊಡ್ಡವರು ಅಂದುಕೊಂಡಿರಬಹುದು. ಆದರೆ ಹುಬ್ಬಳ್ಳಿಯ ಮನೆಯಲ್ಲಿ ಅವ್ವ ಹೀಗೆ ಸೆರಗಿನಲ್ಲಿ ಮುಚ್ಚಿ ತಿಂದದ್ದನ್ನು ಅವಳು ಎರಡು ಸಲ ನೋಡಿದ್ದಳು. ಮೊದಲು ಹುಣಸೆಕಾಯಿ, ಆಮೇಲೆ ಒಲೆಯ ಮಣ್ಣು, ಆಮೇಲೆ ಒಂದು ದಿನ ಒಳಗಿನಿಂದ ಕೂಸಿನ ಅಳು, ಕೂಸು ಮತ್ತೆ ಹೆಣ್ಣೆಂದು ಕೇಳಿ ಬೀಡಿಯನ್ನು ಹಚ್ಚದೆ ಕೈಯಲ್ಲೇ ಹಿಡಿದು ಕಟ್ಟೆಯ ಮೇಲೆ ಕೂತ ಅಪ್ಪ. ಸತ್ಯವ್ವ ಚೀಲವನ್ನು ಗೂಟಕ್ಕೆ ಹಾಕಿದಳು. ಅದು ಜಾರಿ ಕೆಳಗೆ ಬಿತ್ತು. ಮತ್ತೆ ಹಾಕಿದಳು. ಈ ಮನೆಯಲ್ಲಿ ಕೂಸು ಹುಟ್ಟಲಿಲ್ಲವೆಂದೇ ತನ್ನನ್ನು ಇಲ್ಲಿಗೆ ತಂದದ್ದು, ಅಂದಮೇಲೆ ಕೂಸು ಹುಟ್ಟಿದರೆ ತಾನು ಯಾವುದಕ್ಕೆ ಎಂಬ ಲೆಕ್ಕ, ಮಾಸ್ತರು ಹಲಗೆಯ ಮೇಲೆ ಬರೆದು ತೋರಿಸಿದಷ್ಟು ಸರಳವಾಗಿ, ಅವಳ ಮುಂದೆ ಬಂದು ನಿಂತುಬಿಟ್ಟಿತು.

ಮನೆ ಧಾರವಾಡದಲ್ಲಿತ್ತು. ಅಪ್ಪನ ಅಣ್ಣ ಅರ್ಜುನಪ್ಪ ಇಲ್ಲಿ ಗಂಡುಮಕ್ಕಳ ಶಾಲೆಯೊಂದರಲ್ಲಿ ಮಾಸ್ತರ. ಅವರ ಓಣಿಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿದವರಲ್ಲಿ ಮೊದಲಿಗ, ಊರಿಗೆ ಹೋದರೆ ಹಿರಿಯರೂ ಎದ್ದು ಜಾಗ ಬಿಡುವಂಥವ. ಎರಡು ವರ್ಷದ ಹಿಂದೆ, ಅವಳನ್ನು ಶಾಲೆಗೆ ಸೇರಿಸುವಾಗ, ದೊಡ್ಡಪ್ಪ ದಾಖಲೆಯಲ್ಲಿ ಮಂದಾಕಿನಿ ಎಂದು ಬರೆಸಿದ್ದ. "ಸತ್ಯವ್ವ ಅನ್ನೂದು ಹೊಲದಾಗ ನಿಂತು ಒದರೂ ಹೆಸರು. ನಾಳೆ ನೌಕರಿ ಮಾಡಾಕಿ ಈಕಿ," ಎಂದು ನಕ್ಕಿದ್ದ. ಆ ಹೆಸರಿನ ಮುಂದೆ, ತಂದೆಯ ಹೆಸರಿನ ಜಾಗದಲ್ಲಿ, ತನ್ನದನ್ನೇ ಬರೆಸಿದ್ದ. ಮರುದಿನ ಹಾಜರಿ ಕರೆಯುವಾಗ ಕಲಿಸುವ ಬಾಯಾರು ಮೂರು ಸಲ "ಮಂದಾಕಿನಿ" ಎಂದರೂ ಯಾರೂ ಓ ಎನ್ನಲಿಲ್ಲ. ಸತ್ಯವ್ವ ಕೂಡ ಉಳಿದವರಂತೆ ಅತ್ತಿತ್ತ ತಿರುಗಿ ಆ ಹುಡುಗಿ ಯಾರೆಂದು ಹುಡುಕಿದ್ದಳು. ಇಡೀ ತರಗತಿ ನಕ್ಕಿತ್ತು. ನಕ್ಕದ್ದಕ್ಕಿಂತ ಹೆಚ್ಚಾಗಿ, ತಾನೇ ತನ್ನನ್ನು ಹುಡುಕಿದ್ದು ಎಷ್ಟೋ ದಿನ ಅವಳ ಕಿವಿ ಬಿಸಿ ಮಾಡುತ್ತಿತ್ತು. ಮನೆಯಲ್ಲಿ ಮಾತ್ರ ದೊಡ್ಡವ್ವ ಸತ್ಯವ್ವ ಎಂದೇ ಕರೆಯುತ್ತಿದ್ದಳು. ತನ್ನನ್ನು ಅವ್ವ ಎನ್ನು ಎಂದು ಒಮ್ಮೆಯೂ ಹೇಳಿರಲಿಲ್ಲ. ಶನಿವಾರ ಎಣ್ಣೆ ಹಚ್ಚಿ ತಲೆ ತಿಕ್ಕುವಾಗ ಅವಳ ಬೆರಳುಗಳು ಮೊದಮೊದಲು ಪರರ ಮಗುವನ್ನು ಮುಟ್ಟಿದ ಹಾಗೆ ಅಂಜುತ್ತಿದ್ದವು. ಆಮೇಲಾಮೇಲೆ ಅಂಜುವುದನ್ನು ಬಿಟ್ಟವು. ನಿದ್ದೆಯಲ್ಲಿ ದೊಡ್ಡವ್ವನ ಮೇಲೆ ಕಾಲು ಹಾಕುವ ರೂಢಿ ಯಾವಾಗ ಬಿತ್ತೋ ಸತ್ಯವ್ವನಿಗೆ ತಿಳಿಯದು. ಎಚ್ಚರವಾದಾಗ ಕಾಲನ್ನು ಮೆಲ್ಲಗೆ ಹಿಂದೆ ತೆಗೆದುಕೊಳ್ಳುತ್ತಿದ್ದಳು, ಕದ್ದ ವಸ್ತುವನ್ನು ಇದ್ದಲ್ಲೇ ಇಡುವ ಹಾಗೆ.

ಹುಣಸೆಕಾಯಿಯ ಮರುವಾರ, ಆದಿತ್ಯವಾರ ಮಧ್ಯಾಹ್ನ, ಸತ್ಯವ್ವ ಹಿತ್ತಲಲ್ಲಿ ಕೂತು ಪಾಟಿ ತೊಳೆಯುತ್ತಿದ್ದಳು. ಅಡಿಗೆಮನೆಯ ಕಿಟಕಿಯಿಂದ ದೊಡ್ಡಪ್ಪನ ಮಾತು ಕೇಳಿತು. ಶಾಲೆಯಲ್ಲಿ ಮಾತಾಡಿ ರೂಢಿಯಾದ ದನಿ, ಪಿಸುಗುಟ್ಟಿದರೂ ನಾಲ್ಕು ಸಾಲಿನ ಹಿಂದೆ ಮುಟ್ಟುವಂಥದು. "ಹುಲಗಪ್ಪಗ ಒಂದು ಮಾತ ಹಾಕಿ ಇಡೂಣು," ಎಂದು ಅಪ್ಪನ ಹೆಸರು ಹಿಡಿದು ಹೇಳುತ್ತಿದ್ದ.

"ಏನಂತ?" ಇದು ದೊಡ್ಡವ್ವ.

"ನಮ್ಮದು ಒಂದು ಆದಮ್ಯಾಲ ಅದು ಅಲ್ಲೆ ಅಕ್ಕತಂಗ್ಯಾರ ಜೋಡಿ ಇದ್ರ ಅದಕ್ಕೂ ಛಲೋ ಅಲ್ಲೇನು? ಈಗ ಅದಕ್ಕ ಏನೂ ಹೇಳೂದು ಬ್ಯಾಡ. ಹಂಗ ಬಿಡು."

ದೊಡ್ಡವ್ವ ಏನೆಂದಳೋ ಕೇಳಲು ಸತ್ಯವ್ವ ಅಲ್ಲಿ ಉಳಿಯಲಿಲ್ಲ. ಒದ್ದೆ ಪಾಟಿಯನ್ನು ಎದೆಗೆ ಅವಚಿಕೊಂಡು ಪೇರಲ ಗಿಡದ ಹಿಂದೆ ಹೋಗಿ ನಿಂತಳು. ಅದು. ಗುಲ್ಜಾರಬಿಯ ಆಡಿನ ಮರಿಯನ್ನೂ ಅದು ಎನ್ನುತ್ತಾರೆ. ಅಂಗಿಯ ಮುಂಭಾಗ ಒದ್ದೆಯಾಗಿ ಮೈಗೆ ಹತ್ತಿತು. ಏನೂ ಹೇಳೂದು ಬ್ಯಾಡ. ಹಿಂದಿನ ಸಲವೂ ಯಾರೂ ಏನೂ ಹೇಳಿರಲಿಲ್ಲ. ಹಿಂದಿನ ಸಲ ಅಪ್ಪ ಜಿನ್ನಿಂಗ್ ಫ್ಯಾಕ್ಟರಿಯಿಂದ ಮಧ್ಯಾಹ್ನವೇ ಬಂದಿದ್ದ, ಯಾವತ್ತೂ ಆ ಹೊತ್ತಿಗೆ ಬಂದವನಲ್ಲ. ಹುಬ್ಬಿನ ಮೇಲೆ, ಕಿವಿಯ ಕೂದಲ ಮೇಲೆ ಹತ್ತಿಯ ಎಳೆ ಹಾಗೇ ಇದ್ದು ಒಂದೇ ದಿನದಲ್ಲಿ ಮುದುಕನಾದಂತೆ ಕಾಣುತ್ತಿದ್ದ. "ಸತ್ತೆವ್ವಾ, ಸಿನೇಮಾಕ್ಕ ಹೋಗೂಣು ನಡಿ," ಎಂದಿದ್ದ. ನಾಲ್ಕು ಹೆಣ್ಣುಮಕ್ಕಳಲ್ಲಿ ಅವಳೊಬ್ಬಳನ್ನೇ ಕರೆದಿದ್ದ. ಅಕ್ಕ ಅತ್ತಳು, ತಂಗಿ ಅವನ ಧೋತರ ಹಿಡಿದು ಜೋತುಬಿದ್ದಳು. ಸತ್ಯವ್ವ ಅಕ್ಕನಿಗೆ ನಾಲಿಗೆ ತೋರಿಸಿದಳು. ಅವ್ವ ಜಡೆ ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು. ಎಷ್ಟು ಬಿಗಿಯಾಗಿ ಹಾಕಿದಳೆಂದರೆ ಕಣ್ಣಿನ ತುದಿ ಜಗ್ಗುತ್ತಿತ್ತು. ಅಪ್ಪನ ಕೈಯಲ್ಲಿ ಒಂದು ಸಣ್ಣ ಗಂಟು ಕೊಟ್ಟಳು. ಅದೇನೆಂದು ಕೇಳುವ ಪುರುಸೊತ್ತು ಸತ್ಯವ್ವನಿಗೆ ಇರಲಿಲ್ಲ. ಹೊತ್ತಾದರೆ ಆಟ ಶುರುವಾಗಿಬಿಡುತ್ತದೆ. ಅವಳು ಮುಂದೆ, ಅಪ್ಪ ಹಿಂದೆ. ಸ್ಟೇಶನ್ ರೋಡಿನುದ್ದಕ್ಕೂ ಅವನನ್ನು ಎಳೆದುಕೊಂಡು ಹೋದವಳು ಅವಳೇ.

ಟಾಕೀಸಿನಲ್ಲಿ ಗಂಡಸರಿಗೆ ಒಂದು ಬಾಗಿಲು, ಹೆಂಗಸರಿಗೆ ಒಂದು. ಹೆಂಗಸರ ಬಾಗಿಲ ಹತ್ತಿರ ದೊಡ್ಡವ್ವ ಹೊಸ ಇಲಕಲ್ಲ ಸೀರೆ ಉಟ್ಟು ನಿಂತಿದ್ದಳು. ಧಾರವಾಡದಿಂದ ಸಿನೇಮಾಕ್ಕೆಂದೇ ಬಂದಳೇ ಎಂದು ಸತ್ಯವ್ವನಿಗೆ ಸೋಜಿಗವಾಯಿತು, ಅಷ್ಟೇ. ಅಪ್ಪ ಕುಕ್ಕರಗಾಲಿನಲ್ಲಿ ಕೂತು ಅವಳ ಮುಖದ ಸಮಕ್ಕೆ ಬಂದು ಹೇಳಿದ: "ನೀ ದೊಡ್ಡವ್ವನ ಜೋಡಿ ಈ ಕಡೆ ಕೂಡು. ನಾ ಗಂಡಸರ ಕಡೆ ಕೂಡ್ತೇನಿ. ಆಟ ಬಿಟ್ಟಮ್ಯಾಲ ಇದಽ ಬಾಗಲದಾಗ ನಿಂತಿರ್ತೇನಿ. ಹೂಂ?" ಅವಳು ಹೂಂ ಎಂದಳು. ಒಳಗೆ ಕತ್ತಲೆ, ಹೂವಿನ ಮತ್ತು ಕೂಸುಗಳ ಉಚ್ಚೆಯ ವಾಸನೆ, ನೂರಾರು ಬಳೆಗಳ ಸದ್ದು. ಆಮೇಲೆ ಪರದೆಯ ಮೇಲೆ ಒಂದು ವಾಡೆ ಎದ್ದು ನಿಂತಿತು.

ಅಷ್ಟು ದೊಡ್ಡ ಮನೆಯನ್ನು ಅವಳು ನೋಡಿರಲಿಲ್ಲ. ದೇಸಾಯರ ಕಾಲದ ಮನೆ. ಕುದುರೆಯ ಮೇಲೆ ಬರುವ ಗಂಡಸರು, ಕೈಯಲ್ಲಿ ದೀಪ ಹಿಡಿದು ಉದ್ದ ಪಡಸಾಲೆ ದಾಟುವ ಹೆಂಗಸರು. ಮೂಗಿನ ನತ್ತು ಬಂಡಿಯ ಗಾಲಿಯಷ್ಟು, ಕಣ್ಣೀರಿನ ಹನಿ ಒಂದೊಂದೂ ಅವಳ ತಲೆಯಷ್ಟು. ಅಣ್ಣತಮ್ಮಂದಿರು ಜಗಳಾಡಿ ಅಂಗಳದ ನಡುವೆ ಗೋಡೆ ಕಟ್ಟಿಸಿದರು. ಅಣ್ಣನಿಗೆ ಮಕ್ಕಳಿಲ್ಲ, ವಂಶ ಉಳಿಯಬೇಕೆಂದು ತಮ್ಮನ ಮಗನನ್ನು ದತ್ತಕ್ಕೆ ತೆಗೆದುಕೊಂಡರು. ಹೆತ್ತವಳು ಗೋಡೆಗೆ ಕಿವಿ ಹಚ್ಚಿ ಆಚೆಗೆ ಮಗ ನಗುವುದನ್ನು ಕೇಳುತ್ತಿದ್ದಳು. ಹೆಂಗಸರ ಕಡೆಯೆಲ್ಲ ಮೂಗು ಸೇದುವ ಸದ್ದು. ಸತ್ಯವ್ವನೂ ಅತ್ತಳು, ಹೊಟ್ಟೆ ತುಂಬ ಉಂಡಷ್ಟು ಸುಖವಾಗಿ ಅತ್ತಳು. ಮೈತುಂಬ ಬಂಗಾರ ಹೇರಿಕೊಂಡ ದೊಡ್ಡ ಸೊಸೆ ಪರದೆಯ ಮೇಲೆ ಬಂದಾಗೆಲ್ಲ ಮುಂದಿನ ಸಾಲಿನ ಮುದುಕಿಯೊಬ್ಬಳು, "ಬಂಜಿ ಮುಂಡೆ, ಮಂದಿ ಕೂಸಿನ ಮ್ಯಾಲ ಕಣ್ಣು!" ಎಂದು ನಟಿಗೆ ಕೇಳಲೆಂಬಂತೆ ಬೈಯುತ್ತಿದ್ದಳು. ಹಾಗೆ ಬೈದಾಗೊಮ್ಮೆ ಪಕ್ಕದಲ್ಲಿ ದೊಡ್ಡವ್ವನ ತೋಳು ಸಣ್ಣಗೆ ಅದುರುತ್ತಿತ್ತು. ಚಳಿಯೇನೋ ಎಂದುಕೊಂಡು ಸತ್ಯವ್ವ ಅವಳಿಗೆ ಇನ್ನಷ್ಟು ಒತ್ತಿ ಕೂತಳು.

ಮಧ್ಯದ ಬಿಡುವಿನಲ್ಲಿ ಅಪ್ಪ ಹೆಂಗಸರ ಬಾಗಿಲಿಗೆ ಬಂದು ಅವಳ ಹೆಸರು ಹಿಡಿದು ಕೂಗಿದ. ಕಾಗದದ ಸುರುಳಿಯಲ್ಲಿ ಹುರಿದ ಶೇಂಗಾ ತಂದಿದ್ದ. ಅದನ್ನು ಕೊಟ್ಟು ಅವಳ ಮುಂಗೈ ಹಿಡಿದುಕೊಂಡ, ಬಿಡಲಿಲ್ಲ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗಂಟೆ ಬಾರಿಸಿದರು. "ಬಿಡಪಾ, ಶುರು ಆತು!" ಎಂದು ಸತ್ಯವ್ವ ಕೈಯನ್ನು ಕಿತ್ತುಕೊಂಡಳು. ಎರಡು ವರ್ಷಗಳಲ್ಲಿ ಅವಳು ಹೆಚ್ಚಾಗಿ ನೆನೆದದ್ದು ಇದನ್ನೇ. ಆ ಕೈಯನ್ನು ಕಿತ್ತುಕೊಂಡವಳು ತಾನು. ಕಿತ್ತುಕೊಳ್ಳದಿದ್ದರೆ ಅವನು ಹೇಳುತ್ತಿದ್ದನೇನೋ. ಹೇಳಿದ್ದರೆ ಒಲ್ಲೆ ಎನ್ನುತ್ತಿದ್ದಳು. ಒಲ್ಲೆ ಎಂದಿದ್ದರೆ ಅವನು ಕೈ ಹಿಡಿದು ಮನೆಗೆ ಕರೆದೊಯ್ಯುತ್ತಿದ್ದ. ಆಟ ಮುಗಿದಾಗ ಪರದೆಯ ಮೇಲಿನ ಮಗ ಗೋಡೆ ಒಡೆಸಿ ಹೆತ್ತವಳ ಕಾಲು ಹಿಡಿದಿದ್ದ, ಎಲ್ಲ ಹೆಂಗಸರೂ ಕಣ್ಣೊರೆಸಿಕೊಂಡು ನಗುತ್ತಿದ್ದರು, ದೊಡ್ಡವ್ವ ಮಾತ್ರ ಸೆರಗು ಬಾಯಿಗೆ ಒತ್ತಿ ಈಗ ಅಳಲು ಶುರುಮಾಡಿದ್ದಳು. ಸತ್ಯವ್ವ ಎಲ್ಲರ ಕಾಲಿನ ನಡುವೆ ನುಸುಳಿ ಬಾಗಿಲಿಗೆ ಓಡಿದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಸೈಕಲ್ಲುಗಳು, ಟಾಂಗಾಗಳು, ಹೆಂಡಂದಿರಿಗೆ ಕಾದು ನಿಂತ ಪರರ ಅಪ್ಪಂದಿರು.

"ಬಸ್‌ಸ್ಟ್ಯಾಂಡಿಗೆ ಬರ್ತೇನಿ ಅಂದಾನ, ನಡಿ," ಎಂದಳು ದೊಡ್ಡವ್ವ. ಬಸ್‌ಸ್ಟ್ಯಾಂಡಿನಲ್ಲಿ, "ಹಿಂದಿನ ಬಸ್ಸಿಗೆ ಬರ್ತಾನಂತ," ಎಂದಳು. ರಾಯಾಪುರ ದಾಟುವಾಗ ಸತ್ಯವ್ವ ಹಿಂದಿನ ಗಾಜಿನಲ್ಲಿ ಬರೀ ಧೂಳು ಕಂಡು ಅಳತೊಡಗಿದಾಗ, "ಆದಿತ್ಯವಾರ ಬರ್ತಾನ, ಖರೇ ಹೇಳ್ತೇನಿ," ಎಂದಳು. ಧಾರವಾಡದ ಮನೆಯಲ್ಲಿ ದೊಡ್ಡವ್ವ ಬಿಚ್ಚಿದ ಗಂಟಿನಲ್ಲಿ ಅವಳ ಎರಡು ಅಂಗಿಗಳಿದ್ದವು, ಒಗೆದು, ಮಡಚಿ, ಹರಿದಲ್ಲಿ ಹೊಲಿದು. ಆ ಹೊಲಿಗೆ ಅವ್ವನದೆಂದು ನೋಡಿದ ಕೂಡಲೇ ತಿಳಿಯಿತು. ಅಂದರೆ ಅವ್ವನಿಗೆ ಮೊದಲೇ ಗೊತ್ತಿತ್ತು. ಹೊಲಿಯುವಷ್ಟು ದಿನ ಮೊದಲೇ ಗೊತ್ತಿತ್ತು. ಆಮೇಲೆ ಅಪ್ಪ ಎರಡು ಸಲ ಬಂದಿದ್ದ. ಅಣ್ಣನ ಮುಂದೆ ಕೈಕಟ್ಟಿ ಕೂತು, ಬೀಗರ ಮನೆಯಲ್ಲಿ ಕೂತವನ ಹಾಗೆ ಚಹಾ ಕುಡಿದು, "ಶಾಣ್ಯಾಕಿ ಆಗ್ಯಾಳ," ಎಂದು ಅವಳ ತಲೆ ಮುಟ್ಟಿ ಹೋಗಿದ್ದ. ಕೇಳಬೇಕೆಂದು ಇಟ್ಟುಕೊಂಡ ಮಾತು ಆ ಕಪ್ಪುಬಸಿಗಳ ನಡುವೆ ಹೊರಗೆ ಬರಲಿಲ್ಲ.

ಪೇರಲ ಗಿಡದ ಹಿಂದೆ ಪಾಟಿ ಒಣಗಿತು. ಈ ಸಲ ತನ್ನನ್ನು ಯಾರೂ ಬಿಟ್ಟು ಹೋಗುವುದಕ್ಕೆ ತಾನು ಬಿಡಬಾರದು ಎಂದು ಸತ್ಯವ್ವ ನಿಶ್ಚಯಿಸಿದಳು. ಬಿಡುವುದಿದ್ದರೆ ತಾನೇ ಬಿಡಬೇಕು. ಮಾರನೆಯ ದಿನ ಯಾರಿಗೂ ಕಾಣದಂತೆ ರೊಟ್ಟಿ ಕಟ್ಟಿಕೊಂಡು, ಪಾಟಿಚೀಲ ಹೆಗಲಿಗೆ ಹಾಕಿ, ಎಂದಿನಂತೆ ಹೊರಟಳು. "ಲಗೂ ಬಾ, ಇವತ್ತ ಹೋಳಗಿ ಮಾಡ್ತೇನಿ," ಎಂದು ದೊಡ್ಡವ್ವ ಹಿಂದಿನಿಂದ ಅಂದಳು. ಹೋಳಿಗೆ ಯಾಕೆ? ಏನೂ ಹೇಳದವರು ಹೋಳಿಗೆ ಮಾಡುತ್ತಾರೆ, ಶೇಂಗಾ ಕೊಡಿಸುತ್ತಾರೆ. ಶಾಲೆಯ ತಿರುವಿನಲ್ಲಿ ತಿರುಗದೆ ಹುಬ್ಬಳ್ಳಿಯ ರಸ್ತೆ ಹಿಡಿದಳು.

ಮೊದಲ ಒಂದು ತಾಸು ಕಾಲುಗಳು ತಾವೇ ನಡೆದವು. ಬಸ್ಸು ಬಂದಾಗ ಬೇಲಿಯ ಮರೆಗೆ ಸರಿಯುತ್ತಿದ್ದಳು. ಮನೆಗೆ ಹೋದ ಕೂಡಲೇ ಏನಾಗುತ್ತದೆಂದು ಮನಸ್ಸಿನಲ್ಲಿ ನೂರು ಸಲ ನೋಡಿದಳು. ಅವ್ವ ಕೈಯಲ್ಲಿದ್ದ ಮೊರವನ್ನು ಎಸೆದು ಓಡಿಬರುತ್ತಾಳೆ, ಅಪ್ಪ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಳ್ಳುತ್ತಾನೆ. ಅವರ ಮುಖಗಳು ಪರದೆಯ ಮೇಲಿನವರ ಮುಖಗಳಷ್ಟು ದೊಡ್ಡವಾಗಿದ್ದವು. ಬಿಸಿಲು ಏರಿತು. ಚಪ್ಪಲಿಯ ಪಟ್ಟಿ ಹರಿಯಿತು. ರಾಯಾಪುರದ ಹತ್ತಿರ ಕಟ್ಟಿಗೆ ಹೇರಿಕೊಂಡು ಹುಬ್ಬಳ್ಳಿಗೆ ಹೊರಟ ಚಕ್ಕಡಿಯೊಂದು ನಿಂತಿತು. ಬಿಳಿಗಡ್ಡದ ಮುದುಕ ಹಗ್ಗ ಜಗ್ಗಿ, "ಹತ್ತಽ ಯವ್ವಾ, ಕಾಲು ಸುಡ್ತಾವು," ಎಂದ. ಹೆಸರು ಬಡೇಸಾಬ ಅಂದ. ಒಂದಿಷ್ಟು ದೂರ ಹೋದಮೇಲೆ, "ಯಾರ ಮಗಳು ನೀ?" ಎಂದು ಕೇಳಿದ.

ಸತ್ಯವ್ವನ ಬಾಯಲ್ಲಿ ಎರಡು ಹೆಸರು ಒಟ್ಟಿಗೇ ಬಂದು ಸಿಕ್ಕಿಕೊಂಡವು. ಎತ್ತಿನ ಬಾಲ ನೋಡುತ್ತ ಕೂತಳು.

"ಅಪ್ಪ ಇಲ್ಲೇನ ಬೇ?"

"ಅದಾನ್ರಿ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಹುಲಗಪ್ಪ ಅಂತ್ರಿ. ಜಿನ್ನಿನಾಗ ದುಡಿತಾನ," ಎಂದಳು. ಆ ಹೆಸರನ್ನು ಅಷ್ಟು ದಿನಗಳ ಮೇಲೆ ಹೊರಗೆ ಹೇಳಿದ್ದು ಅವಳಿಗೆ ಏನೋ ಸುಳ್ಳು ಹೇಳಿದ ಹಾಗೆ ಅನ್ನಿಸಿತು.

ಮನೆ ಮುಟ್ಟಿದಾಗ ಹೊತ್ತು ಇಳಿಯತೊಡಗಿತ್ತು. ಅವ್ವ ಶೇವಂತೆವ್ವ ಬಾಗಿಲಲ್ಲೇ ಕೂತು ಒಂದು ಕೂಸಿಗೆ ಗಂಜಿ ತಿನ್ನಿಸುತ್ತಿದ್ದಳು. ಹೋದ ವರ್ಷ ಹುಟ್ಟಿದ ಗಂಡು, ಸತ್ಯವ್ವ ಮೊದಲ ಸಲ ನೋಡುತ್ತಿದ್ದ ತಮ್ಮ. ಅವ್ವ ತಲೆಯೆತ್ತಿದಳು. ಮುಖದಲ್ಲಿ ಏನೋ ಒಂದು ಅರಳಿತು, ಖರೆ. ಆದರೆ ಅದು ಪೂರ್ತಿ ಅರಳುವ ಮೊದಲೇ ಕಣ್ಣು ಸತ್ಯವ್ವನನ್ನು ದಾಟಿ ಅವಳ ಹಿಂದೆ ಹೋಯಿತು, ಯಾರನ್ನೋ ಹುಡುಕಿತು.

"ಯಾರ ಜೋಡಿ ಬಂದಿ?"

"ಒಬ್ಬಾಕೀನ."

"ಒಬ್ಬಾಕೀನ? ದೊಡ್ಡವ್ವಗ ಹೇಳಿ ಬಂದಿಯಿಲ್ಲೋ?"

ಅವ್ವ ಕೂಸನ್ನು ಕೆಳಗಿಟ್ಟು ಎದ್ದಳು. ಬಂದು ಅವಳ ತಲೆಯ ಮೇಲೆ ಕೈಯಿಟ್ಟಳು, ಸುಟ್ಟ ಕಾಲು ನೋಡಿ "ಅಯ್ಯಽ ನನ್ನವ್ವ" ಎಂದಳು, ನೀರು ಕೊಟ್ಟಳು, ರೊಟ್ಟಿ ಹಾಕಿದಳು. ಅಕ್ಕ ಒಳಗಿನಿಂದ ಬಂದು, ನೆಂಟರ ಹುಡುಗಿಯನ್ನು ನೋಡುವ ಹಾಗೆ ಕಂಬಕ್ಕೆ ಒರಗಿ ನೋಡಿದಳು. ತಂಗಿ ಅವಳ ಪಾಟಿಚೀಲ ಮುಟ್ಟಿ, "ಇದು ನಿಮ್ದೇನ್ರಿ?" ಎಂದಳು. ರಿ ಎಂದಳು. ಸತ್ಯವ್ವ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಳು.

ಅಪ್ಪ ಬಂದ. ಅದೇ ಹತ್ತಿಯ ಎಳೆ, ಈಗ ಅದರ ಕೆಳಗಿನ ಕೂದಲೂ ಬೆಳ್ಳಗಾಗಿತ್ತು. ಅವಳನ್ನು ನೋಡಿ ಹೊಸ್ತಿಲಲ್ಲೇ ನಿಂತ. "ಅಣ್ಣಗ ಗೊತ್ತೈತೇನು?" ಎಂದು ಅವ್ವನನ್ನು ಕೇಳಿದ. ಅವ್ವ ಇಲ್ಲವೆಂದು ತಲೆಯಾಡಿಸಿದಳು. ಅವನು ಟೊಪ್ಪಿಗೆ ತೆಗೆದು, ಮತ್ತೆ ಹಾಕಿಕೊಂಡು, ಅವಳ ಎದುರು ಕೂತ. "ಯಾಕ ಬಂದಿ ಯವ್ವಾ? ಬೈದರೇನು? ಹೊಡದರೇನು?"

ಇಲ್ಲವೆಂದು ಅವಳು ತಲೆಯಾಡಿಸಿದಳು. ಹುಣಸೆಕಾಯಿ, ಕಿಟಕಿಯ ಮಾತು, ಅದು ಎಂದದ್ದು, ಇವೆಲ್ಲ ಹೇಳಬೇಕಿತ್ತು. ಆದರೆ ಎರಡು ವರ್ಷ ಸಾಲಿನಲ್ಲಿ ಕಾದು ನಿಂತ ಮಾತು ಎಲ್ಲವನ್ನೂ ತಳ್ಳಿ ಮುಂದೆ ಬಂತು.

"ಬಾಗಲದಾಗ ನಿಂತಿರ್ತೇನಿ ಅಂದಿದ್ದಿ."

ಅಪ್ಪ ಅವಳ ಮುಖ ನೋಡಿದ. "ಯಾವ ಬಾಗಲದಾಗ?" ಎಂದ.

ಅವನು ನಟಿಸುತ್ತಿರಲಿಲ್ಲ. ಸತ್ಯವ್ವ ಅವನ ಕಣ್ಣನ್ನು, ಹುಬ್ಬನ್ನು, ಬಾಯಿಯ ತುದಿಯನ್ನು ಒಂದೊಂದಾಗಿ ನೋಡಿದಳು. ಎಲ್ಲಿಯೂ ಏನೂ ಅಡಗಿರಲಿಲ್ಲ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಕುಕ್ಕರಗಾಲಿನಲ್ಲಿ ಕೂತದ್ದು, ಇದೇ ಬಾಗಿಲು ಎಂದದ್ದು, ಮುಂಗೈ ಹಿಡಿದದ್ದು. ಶಾಲೆಗೆ ಹೋಗುವಾಗ, ಪಾಟಿ ತೊಳೆಯುವಾಗ, ನಿದ್ದೆ ಬರದಾಗ ಅವಳು ಒಂದೊಂದೇ ತೆಗೆದು ನೋಡಿ ತಿರುಗಿ ಇಟ್ಟ ಆ ಮಧ್ಯಾಹ್ನ ಅವನ ಹತ್ತಿರ ಇರಲೇ ಇಲ್ಲ. ತನ್ನ ಕೈ ಕಿತ್ತುಕೊಂಡದ್ದೂ ಅವನಿಗೆ ನೆನಪಿಲ್ಲವೆಂದ ಮೇಲೆ ತಾನು ಅದಕ್ಕಾಗಿ ಎರಡು ವರ್ಷ ಯಾರ ಮುಂದೆ ತಪ್ಪಿತಸ್ಥಳಾಗಿ ನಿಂತದ್ದು? "ಸಿನೇಮಾದ ಬಾಗಲದಾಗ," ಎಂದಳು, ಬಹಳ ಸಣ್ಣಗೆ.

"ಓ, ಅದಾ," ಎಂದು ಅಪ್ಪ ಒಂದು ನಗೆ ನಕ್ಕ. ನಗು ನಡುವೆ ನಿಂತುಹೋಯಿತು. ನೆಲದ ಕಡೆ ನೋಡುತ್ತ, "ನೀ ಅಳತಿ ಅಂತ ಹಂಗ ಅಂದಿರಬೇಕು. ಸಣ್ಣಾಕಿದ್ದಿ. ಅದನ್ನ ಯಾಕ ಹಿಡಕೊಂಡು ಕುಂತಿ?" ಎಂದ. ಆಮೇಲೆ ಸ್ವಲ್ಪ ಗಟ್ಟಿಯಾಗಿ, "ಇಲ್ಲೇನೈತಿ ನಿನಗ? ಅಲ್ಲೆ ಸಾಲಿ ಕಲಿಯಾಕತ್ತಿ. ನಿಮ್ಮಕ್ಕಗ ಒಂದ ಅಕ್ಷರ ಬರಂಗಿಲ್ಲ, ನೋಡಲ್ಲೆ," ಎಂದ. ಕಂಬಕ್ಕೆ ಒರಗಿದ್ದ ಅಕ್ಕ ಒಳಗೆ ಸರಿದಳು.

ದೀಪ ಹಚ್ಚುವ ಹೊತ್ತಿಗೆ ದೊಡ್ಡವ್ವ ದೇವಕ್ಕ ಬಂದಳು. ಓಡಿಬಂದವಳ ಹಾಗೆ ಸೆರಗು ಹೆಗಲಿನಿಂದ ಜಾರಿತ್ತು, ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು. ಮಧ್ಯಾಹ್ನ ಊಟಕ್ಕೆ ಬಾರದ್ದಕ್ಕೆ ಶಾಲೆಗೆ ಹೋಗಿ ಕೇಳಿ, ಕೆರೆಯ ಕಡೆ ಹುಡುಕಿ, ಕೊನೆಗೆ ಗುಲ್ಜಾರಬಿಯ ಗಂಡ ಹುಬ್ಬಳ್ಳಿ ರಸ್ತೆಯಲ್ಲಿ ಅವಳನ್ನು ಕಂಡೆ ಎಂದಮೇಲೆ ಬಸ್ಸು ಹತ್ತಿದ್ದಳು. ಸತ್ಯವ್ವನನ್ನು ನೋಡಿದ ಕೂಡಲೇ ಹೊಸ್ತಿಲ ಮೇಲೆ ಕುಸಿದು ಕೂತು, ಒಂದು ಕೈ ಹೊಟ್ಟೆಯ ಮೇಲಿಟ್ಟು, ಉಸಿರು ತಿರುಗಿಸಿಕೊಂಡಳು. ಅವ್ವನ ಕಣ್ಣು ಆ ಕೈಯ ಮೇಲೆ ಹೋಯಿತು. ಅವಳಿಗೆ ಎಲ್ಲ ತಿಳಿಯಿತೆಂದು ಸತ್ಯವ್ವನಿಗೆ ಗೊತ್ತಾಯಿತು. "ಇವತ್ತೊಂದ ದಿನ ಇಲ್ಲೆ ಇರ್ಲಿ ಬಿಡ್ರಿ," ಎಂದಳು ಅವ್ವ, ಅಪ್ಪನಿಗೆ.

"ಇದ್ರ ಮತ್ತ ಹೋಗೂದು ಕಷ್ಟ ಆಕ್ಕೈತಿ," ಎಂದ ಅಪ್ಪ. ಪಾಟಿಚೀಲವನ್ನು ತಂಗಿಯ ಕೈಯಿಂದ ತೆಗೆದುಕೊಂಡು ದೊಡ್ಡವ್ವನ ಮುಂದೆ ಇಟ್ಟ. "ತಗೋರಿ ವೈನಿ. ಹುಡುಗಿ ನಿಮ್ಮದು. ತಿಳೀಲಾರದ್ದು, ಬಂದೈತಿ. ಅಣ್ಣಗ ಸಿಟ್ಟ ಮಾಡಬ್ಯಾಡ ಅನ್ರಿ."

"ಅಕೀನ್ನ ಕೇಳೋಣಲ್ರಿ ಒಂದಿಷ್ಟ," ಎಂದಳು ದೊಡ್ಡವ್ವ.

"ಅದನ್ನೇನ ಕೇಳೂದು?" ಎಂದ ಅಪ್ಪ.

ಸಿನೇಮಾದ ದಿನ ಅವನು ಮೋಸ ಮಾಡಿದ್ದ. ಮೋಸ ಮಾಡುವಷ್ಟಾದರೂ ಅವಳಿಗೆ ಅಂಜಿದ್ದ. ಈಗ ದೀಪದ ಬೆಳಕಿನಲ್ಲಿ, ಅವಳ ಕಣ್ಣೆದುರಿಗೇ, ಬಾಯಿಬಿಟ್ಟು ಹೇಳಿ ಅವಳನ್ನು ಕೊಡುತ್ತಿದ್ದ. ಸತ್ಯವ್ವ ಎದ್ದಳು. ಅಳು ಬರಲಿಲ್ಲ. ಹರಿದ ಚಪ್ಪಲಿಯನ್ನು ಅಲ್ಲೇ ಬಿಟ್ಟು, ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು, ಯಾರಿಗೂ ಕಾಯದೆ ಓಣಿಗೆ ಇಳಿದಳು.

ಬಸ್‌ಸ್ಟ್ಯಾಂಡಿನವರೆಗೆ ದೊಡ್ಡವ್ವ ಎರಡು ಸಲ ಕೂತು ಎದ್ದಳು. ಎರಡನೆಯ ಸಲ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ, ಕೇಳದೆಯೇ ಮಾತು ತೆಗೆದಳು.

"ಕಿಟಕ್ಯಾಗ ಕೇಳಿಸ್ಕೊಂಡಿ, ಹೌದಿಲ್ಲೋ?"

ಸತ್ಯವ್ವ ಬರಿಗಾಲನ್ನು ಮೆಟ್ಟಿಲ ಅಂಚಿಗೆ ಉಜ್ಜಿದಳು.

"ನಿಮ್ಮ ದೊಡ್ಡಪ್ಪ ಅಂದಿದ್ದು ಖರೇ. ನಾ ಒಲ್ಲೆ ಅಂದೆ. ಅದನ್ನ ಕೇಳಾಕ ನೀ ನಿಂದರಲಿಲ್ಲ. ಆಗಿಂದ ಅವರ ಜೋಡಿ ಮಾತ ಬಿಟ್ಟೇನಿ." ಉಸಿರು ತೆಗೆದುಕೊಂಡಳು. "ಸಿನೇಮಾದ ದಿನ ನಾನೂ ಸುಳ್ಳ ಹೇಳಿದೆ. ಬಸ್‌ಸ್ಟ್ಯಾಂಡಿಗೆ ಬರ್ತಾನ ಅಂದೆ, ಹಿಂದಿನ ಬಸ್ಸಿಗೆ ಅಂದೆ, ಆದಿತ್ಯವಾರ ಅಂದೆ. ಮೂರು ಸಲ ಹೇಳಿದೆ. ನನಗ ಎಲ್ಲಾ ನೆನಪೈತಿ."

ಒಂದು ಟಾಂಗಾ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ಸತ್ಯವ್ವ ಕಾದಳು. "ಕೂಸು ಹುಟ್ಟಿದಮ್ಯಾಲೂ ಒಲ್ಲೆ ಅಂತೀಯೇನು?" ಎಂದು ಕೇಳಿದಳು.

ಹೂಂ ಎಂದು ಥಟ್ಟನೆ ಬಂದುಬಿಟ್ಟಿದ್ದರೆ ಅವಳು ನಂಬುತ್ತಿರಲಿಲ್ಲ. ದೊಡ್ಡವ್ವ ಜಾರಿದ ಸೆರಗನ್ನು ಹೆಗಲಿಗೆ ಎಳೆದುಕೊಂಡಳು. "ಗೊತ್ತಿಲ್ಲ ಯವ್ವಾ," ಎಂದಳು. "ಈಗ ಒಲ್ಲೆ. ಹದಿನಾರು ವರ್ಷ ಆದಮ್ಯಾಲ ಹುಟ್ಟೂ ಕೂಸು. ಅದರ ಮಾರಿ ನೋಡಿದಮ್ಯಾಲ ನನ್ನ ಮನಸು ಹೆಂಗ ಆಕ್ಕೈತೋ, ನಾ ಈಗ ಹೆಂಗ ಹೇಳ್ಲಿ?"

ಆ ಮಾತು ಕಲ್ಲಿನ ಹಾಗೆ ಬಂದು ತಾಗಿತು. ಆದರೂ, ಸತ್ಯವ್ವನಿಗೆ ನೆನಪಿರುವ ಮಟ್ಟಿಗೆ, ಒಬ್ಬ ದೊಡ್ಡವರು ಅವಳಿಗೆ ಕೊಟ್ಟ ಮೊದಲ ಖರೆ ಉತ್ತರ ಅದು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಕಳಸೂದಿದ್ರ ಹೇಳಿ ಕಳಸು," ಎಂದಳು.

"ಹೂಂ," ಎಂದಳು ದೊಡ್ಡವ್ವ.

ಬಸ್ಸಿನಲ್ಲಿ ಹಿಂದಿನ ಬಾಕು ಸಿಕ್ಕಿತು. ಕಂಡಕ್ಟರ ಜನರ ನಡುವೆ ದಾರಿ ಮಾಡಿಕೊಂಡು ಬಂದು, "ಎಲ್ಲಿಗ್ರಿ ಬಾಯಾರ?" ಎಂದ. ದೊಡ್ಡವ್ವ ನಾಣ್ಯ ತೆಗೆದು ಕೈಯಲ್ಲಿ ಹಿಡಿದಿದ್ದಳು. ಸತ್ಯವ್ವನ ಮುಖ ನೋಡಿದಳು. ಮುಂದಿನ ಬಾಕಿನ ಹೆಂಗಸು ತಿರುಗಿ ನೋಡಿದಳು. "ಲಗೂ ಹೇಳ್ರಿ," ಎಂದ ಕಂಡಕ್ಟರ. ತನ್ನನ್ನು ಕೇಳುತ್ತಿದ್ದಾರೆ ಎಂದು ಸತ್ಯವ್ವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಸಂತೋಷವೇನೂ ಆಗಲಿಲ್ಲ. ಹೇಳಬಹುದಾದ ಎರಡು ಊರುಗಳಲ್ಲಿ ಒಂದು ಈಗಷ್ಟೇ ಹಿಂದೆ ಉಳಿದಿತ್ತು.

"ಧಾರವಾಡ," ಎಂದಳು. "ಒಂದು ಫುಲ್ಲು, ಒಂದು ಅರ್ಧ."

ಕಂಡಕ್ಟರ ಎರಡು ಚೀಟಿ ಹರಿದ. ಎರಡನ್ನೂ ತೆಗೆದುಕೊಳ್ಳಲು ದೊಡ್ಡವ್ವ ಕೈ ಚಾಚಿದಳು. ಸತ್ಯವ್ವ ತನ್ನ ಅರ್ಧ ಚೀಟಿಯನ್ನು ತಾನೇ ಇಸಿದುಕೊಂಡು ಮುಷ್ಟಿಯೊಳಗೆ ಇಟ್ಟುಕೊಂಡಳು.